ರೋಮನ್ನರ ತಲೆಗೆ ಮುಸೊಲಿನಿ ಕಟ್ಟಡ!

ಮಾನ್ಯರೇ,

ಭಾನುವಾರದ ಪುರವಣಿಯ ರೋಮ್ ಲೇಖನದಲ್ಲಿ ಅರ್ಧ ಪುಟ ಹರಡಿದ ಆ ಚಿತ್ರಕ್ಕೆ 'ಎರಡು ಸಾವಿರ ವರ್ಷದ ಕಮಾನುಗಳು' ಎಂಬ ಅಡಿಬರಹ ಬರೆದ ಪುಣ್ಯಾತ್ಮರು ಯಾರು? ಅದಕ್ಕಿನ್ನೂ ನೂರೂ ತುಂಬಿಲ್ಲ. 1942ರ ವಿಶ್ವಪ್ರದರ್ಶನಕ್ಕೆಂದು ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಸರ್ಕಾರ 1938ರಲ್ಲಿ ಕಟ್ಟಲು ಶುರುಮಾಡಿದ 'ಪಲಾಝೊ ದೆಲ್ಲಾ ಚಿವಿಲ್ತಾ ಇಟಾಲಿಯಾನಾ' (ಇಟಲಿಯ ನಾಗರಿಕತೆಯ ಅರಮನೆ) ಅದು. ಯುದ್ಧ ಬಂದು ಪ್ರದರ್ಶನವೇ ನಡೆಯಲಿಲ್ಲ.

ಸೋಮವಾರ ಆ ಪುಟ ಕತ್ತರಿಸಿ ತಂದ ವಿದ್ಯಾರ್ಥಿಗಳಿಗೆ ತಿದ್ದಿ ಹೇಳುವುದರಲ್ಲಿ ನನ್ನ ಎರಡು ಪೀರಿಯಡ್ ಹೋಯಿತು. 'ಪೇಪರಲ್ಲೇ ಬಂದಿದೆಯಲ್ಲ ಸರ್' ಅನ್ನುತ್ತಾರೆ!

ಗುರುತು ಹಿಡಿಯುವುದು ಕಷ್ಟವೇ? ಹಳೇ ರೋಮನ್ನರ ಕ್ರೀಡಾಂಗಣ ಕೊಲೋಸಿಯಂ ಅಂಡಾಕಾರ, ಇದು ಚೌಕ. ಸಾಲಿಗೆ 9ರಂತೆ 6 ಸಾಲು, ನಾಲ್ಕು ಮುಖ ಸೇರಿ 216 ಕಮಾನು. (ಮುಸೊಲಿನಿಯ ಮೊದಲ ಹೆಸರು ಬೆನಿಟೊಗೆ ರೋಮನ್ ಲಿಪಿಯಲ್ಲಿ 6 ಅಕ್ಷರ, ಮುಸೊಲಿನಿಗೆ 9, ಅದಕ್ಕೇ ಈ ಲೆಕ್ಕ ಎಂಬ ಕತೆಗೆ ದಾಖಲೆಯಿಲ್ಲ, ಮುಂದಿನ ವಾರ ಅದನ್ನೂ ಅಚ್ಚು ಹಾಕಬೇಡಿ.) ಅಲ್ಲಿ ಕಮಾನುಗಳ ನಡುವೆ ಅರ್ಧಗಂಬಗಳಿವೆ, ಅಂತಸ್ತಿಗೊಂದು ಶೈಲಿ. ಇಲ್ಲಿ ಬರೀ ಬೋಳು. ಅಲ್ಲಿ ಕಮಾನಿನ ಕಲ್ಲುಗಳು ಒಂದನ್ನೊಂದು ಒತ್ತಿ ಭಾರ ಹೊರುತ್ತವೆ. ಇಲ್ಲಿ ಹೊರುವುದು ಆರ್‌ಸಿಸಿ ಚೌಕಟ್ಟು, ಟ್ರಾವರ್ಟೈನ್ ಕಲ್ಲು ಬರೀ ಹೊದಿಕೆ. ಪ್ರಾಚೀನ ರೋಮಿನ ವಾರಸುದಾರ ತಾನೇ ಎಂದು ತೋರಿಸಲು ಮುಸೊಲಿನಿ ಹಾಕಿಸಿದ ವೇಷ ಅದು, ಎಂಬತ್ತು ವರ್ಷದ ಮೇಲೂ ನಿಮ್ಮನ್ನು ಏಮಾರಿಸಿದೆ. ನೆತ್ತಿಯ ಮೇಲಿನ 'ಕವಿಗಳ, ಕಲಾವಿದರ, ವೀರರ, ಸಂತರ ಜನ' ಎಂಬ ಬರಹ ಇಥಿಯೋಪಿಯ ದಾಳಿಯ ಹಿಂದಿನ ದಿನ, 1935ರ ಅಕ್ಟೋಬರ್ 2ರಂದು, ಮುಸೊಲಿನಿ ಮಾಡಿದ ಭಾಷಣದ್ದು. ಅದೂ ಇಟಾಲಿಯನ್‌ನಲ್ಲಿ. ಹಳೇ ರೋಮನ್ನರು ಲ್ಯಾಟಿನ್ ಮರೆತಿದ್ದರೇನೋ!

ಪಕ್ಕದ ಚಿತ್ರದ 'ಈಜಿಪ್ಟಿನ ಸ್ತಂಭ'ವೂ ಈಜಿಪ್ಟಿನದಲ್ಲ. 1932ರಲ್ಲಿ ನಿಲ್ಲಿಸಿದ, ಸುಮಾರು 300 ಟನ್ನಿನ ಕರಾರಾ ಅಮೃತಶಿಲೆ. ಮೈಮೇಲೆ 'ಮುಸೊಲಿನಿ ದುಕ್ಸ್' (ನಾಯಕ ಮುಸೊಲಿನಿ) ಎಂದು ಕೊರೆದದ್ದು ಚಿತ್ರದಲ್ಲೇ ಕಾಣುತ್ತದೆ. ಹೊತ್ತು ತಂದ ಕಂಬ ಬೇಕಿದ್ದರೆ ಇಥಿಯೋಪಿಯದ ಅಕ್ಸುಂ ಸ್ತಂಭದ ಬಗ್ಗೆ ಬರೆಯಬಹುದಿತ್ತು. 1937ರಲ್ಲಿ ರೋಮಿಗೆ ಬಂದ ಈ 24 ಮೀಟರಿನ ಕಂಬವನ್ನು 18 ತಿಂಗಳಲ್ಲಿ ವಾಪಸು ಕೊಡಬೇಕೆಂದು 1947ರ ಶಾಂತಿ ಒಪ್ಪಂದದಲ್ಲಿತ್ತು. ಮೂರು ತುಂಡಾಗಿ ವಿಮಾನ ಹತ್ತಿದ್ದು 2005ರಲ್ಲಿ! ಕಡತದ ಮೇಲೆ ಕೂರುವ ವಿದ್ಯೆ ನಮ್ಮವರದೊಂದೇ ಅಲ್ಲ. ಪಠ್ಯದಲ್ಲಿನ ಇಂಥದ್ದೇ ತಪ್ಪಿನ ಬಗ್ಗೆ ಇಲ್ಲಿನ ಕಚೇರಿಯೊಂದಕ್ಕೆ ಎರಡು ಅರ್ಜಿ ಕೊಟ್ಟಿದ್ದೇನೆ, ಇವತ್ತಿಗೂ ಹಿಂಬರಹವಿಲ್ಲ. ಸಾಹೇಬರು ಯಾವಾಗಲೂ ಮೀಟಿಂಗ್‌ನಲ್ಲಿ.

ತಿದ್ದುಪಡಿಯನ್ನು ಅಷ್ಟೇ ದೊಡ್ಡದಾಗಿ ಹಾಕಿ. ಇಲ್ಲವೇ ರೋಮಿನ ತಂಟೆಗೇ ಹೋಗಬೇಡಿ. ಕನಿಷ್ಠ ಕಮಾನು ಎಣಿಸಲು ಬರುವವರನ್ನಾದರೂ ಆ ಪುಟಕ್ಕೆ ಕೂರಿಸಿ.

– ವಾಸ್ತುಶಿಲ್ಪ ಅಧ್ಯಾಪಕ, ಮೈಸೂರು