ಫೋಟೋದಲ್ಲಿ ಇಲ್ಲದವರನ್ನೂ ಕೇಳು, ಪುಟ್ಟಿ

ಪ್ರೀತಿಯ ಪುಟ್ಟಿ,

ಅಜ್ಜ-ಅಜ್ಜಿಯ ಮದುವೆಗೆ 60 ವರ್ಷ ತುಂಬುವ ಸಮಾರಂಭಕ್ಕೆ ಎಲ್ಲರ ಹಳೇ ಫೋಟೋ ಸೇರಿಸಿ ಒಂದು ಆಲ್ಬಮ್ ಮಾಡುತ್ತಿದ್ದೀಯಂತೆ, ನಿನ್ನ ಅಮ್ಮ ಹೇಳಿದಳು. ಕೇಳಿ ತುಂಬ ಖುಷಿಯಾಯಿತು. ಆದರೆ ಫೋಟೋ ಬಂದ ಮೇಲೆ ಸುಮ್ನೆ ಅಂಟಿಸಿ ಮುಗಿಸಬೇಡ. ಒಬ್ಬೊಬ್ಬರ ಹತ್ತಿರ ಕೂತು, ಆ ದಿನ ಏನೇನಾಯಿತು ಅಂತ ಕೇಳಿ ಬರೆದುಕೋ. ಅದರಲ್ಲೂ ಆ ಫೋಟೋದಲ್ಲಿ ಇಲ್ಲದವರನ್ನು ಬಿಡಬೇಡ.

ಯಾಕೆ ಅಂತೀಯಾ? ನಮ್ಮ ಮನೆಯ ಸಮಾರಂಭಗಳ ಫೋಟೋ ತೆಗೆದು ನೋಡು, ನಿನ್ನ ಚಿಕ್ಕಮ್ಮ ಎಷ್ಟರಲ್ಲಿ ಇದ್ದಾಳೆ? ನರ್ಸ್ ಕೆಲಸ ಅವಳದು, ಎಲ್ಲರಿಗೂ ರಜ ಇದ್ದ ದಿನವೇ ಅವಳಿಗೆ ಡ್ಯೂಟಿ ಬೀಳುತ್ತಿತ್ತು. ಹಾಗಂತ ಅವಳ ಹತ್ತಿರ ಸಂಭ್ರಮದ ನೆನಪೇ ಇಲ್ಲ ಅಂದುಕೊಳ್ಳಬೇಡ. ವಾರ್ಡಿನಲ್ಲಿದ್ದ ಒಬ್ಬ ಹುಡುಗನ ಹುಟ್ಟುಹಬ್ಬಕ್ಕೆ ರಾತ್ರಿ ಪಾಳಿಯವರೆಲ್ಲ ಸೇರಿ, ಪಕ್ಕದ ಮಂಚದವರಿಗೆ ಎಚ್ಚರವಾಗಬಾರದು ಅಂತ ಪಿಸುಮಾತಿನಲ್ಲೇ ಹಾಡಿದ್ದನ್ನು ಅವಳು ನನಗೆ ಹೇಳಿದ್ದಾಳೆ. ಅದೂ ನಮ್ಮ ಮನೆಯವಳೊಬ್ಬಳು ಆಚರಿಸಿದ ದಿನವೇ ಅಲ್ವಾ? ಅದಕ್ಕೂ ನಿನ್ನ ಆಲ್ಬಮಿನಲ್ಲಿ ಒಂದು ಪುಟ ಬೇಕು.

ಇನ್ನು ನಿನ್ನ ಮಾವ. ಅವನು ಪ್ರವಾಸಿ ಬಸ್ ಓಡಿಸುತ್ತಿದ್ದವನು. ಒಟ್ಟಿಗೆ ಹೋದ ಪ್ರವಾಸ ಅಂದರೆ ನಮಗೆಲ್ಲ ನೆನಪಾಗುವುದು ಜಲಪಾತ, ಹಾಡು, ಕಿಟಕಿ ಸೀಟಿಗೆ ಆದ ಜಗಳ. ಅವನನ್ನು ಕೇಳಿ ನೋಡು, ಮಂಜು ಮುಸುಕಿದ ತಿರುವು, ಕಾದ ಬ್ರೇಕಿನ ವಾಸನೆ, ಹಿಂದೆ ನಾವೆಲ್ಲ ನಿದ್ದೆ ಹೋದ ಮೇಲೆ ಒಬ್ಬನೇ ನೋಡಿದ ಬೆಳಗಿನ ಜಾವದ ರಸ್ತೆ, ಇದನ್ನೇ ಹೇಳುತ್ತಾನೆ. ನಿನ್ನ ದೊಡ್ಡಪ್ಪನಿಗೆ ಯಾವ ಮದುವೆ ಅಂದರೂ ಲೆಕ್ಕದ ಪುಸ್ತಕ, ಕೊನೇ ಗಳಿಗೆಯಲ್ಲಿ ಕಡಿಮೆ ಬಿದ್ದ ಕುರ್ಚಿ. ಅಜ್ಜ ಫೋಟೋಗಳಲ್ಲಿ ಅಪರೂಪಕ್ಕೆ ಕಾಣುತ್ತಾರೆ, ಯಾಕೆಂದರೆ ಕ್ಯಾಮೆರಾ ಅವರ ಕೈಯಲ್ಲೇ ಇತ್ತು. ಒಬ್ಬೊಬ್ಬರು ಮಾಡಿದ ಕೆಲಸ ಅವರ ನೆನಪಿಗೆ ಒಂದೊಂದು ಬೇರೆ ಜಾಗ ಕೊಟ್ಟಿದೆ. ಎಲ್ಲ ಸೇರಿಸಿದರೆ ಮಾತ್ರ ಆ ದಿನ ಪೂರ್ತಿ ಸಿಗುತ್ತದೆ ಅಂತ ನನ್ನ ನಂಬಿಕೆ.

ಕೇಳುವ ರೀತಿ ಮುಖ್ಯ. 'ಪ್ರವಾಸ ಹೇಗಿತ್ತು' ಅಂದರೆ 'ಚೆನ್ನಾಗಿತ್ತು' ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಪಕ್ಕದಲ್ಲಿ ಯಾರು ಕೂತಿದ್ದರು, ಮಳೆ ಬಂತಾ, ಯಾವ ಬಟ್ಟೆ ಹಾಕಿದ್ದಿರಿ, ವಾಪಸ್ ಬರುವಾಗ ಯಾರು ಅತ್ತರು ಅಂತ ಕೇಳು. ವಯಸ್ಸಾದವರಿಗೆ ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳೇ ಜಾಸ್ತಿ ಎದ್ದು ಬರುತ್ತವೆ ಅಂತ ಮನಶ್ಶಾಸ್ತ್ರಜ್ಞರು ಗಮನಿಸಿದ್ದಾರೆ. ಮೊದಲ ಕೆಲಸ, ಮೊದಲ ದೂರದ ಪ್ರಯಾಣ, ಮದುವೆ ಎಲ್ಲ ಆ ವಯಸ್ಸಿನಲ್ಲೇ ಬರುತ್ತವಲ್ಲ. ಅಜ್ಜಿಯ ಹತ್ತಿರ ಅಲ್ಲಿಂದಲೇ ಶುರು ಮಾಡು. ಹೋದ ವರ್ಷದ್ದು ಮರೆತಿರಬಹುದು, ಇಪ್ಪತ್ತನೇ ವಯಸ್ಸಿನದನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾರೆ.

ಇಬ್ಬರು ಹೇಳುವುದು ಒಂದೇ ಥರ ಇರುವುದಿಲ್ಲ. ಆಗ ದಯವಿಟ್ಟು ಯಾರನ್ನೂ ತಿದ್ದಬೇಡ. 1986ರಲ್ಲಿ ಅಮೆರಿಕದ ಚಾಲೆಂಜರ್ ಗಗನನೌಕೆ ಸ್ಫೋಟಗೊಂಡ ಮಾರನೇ ದಿನ, ಆ ಸುದ್ದಿ ಕೇಳಿದಾಗ ಎಲ್ಲಿದ್ದಿರಿ ಅಂತ ಅಲ್ಲಿನ ಕೆಲವು ವಿದ್ಯಾರ್ಥಿಗಳಿಂದ ಬರೆಸಿಕೊಂಡಿದ್ದರು. ಎರಡೂವರೆ ವರ್ಷದ ಮೇಲೆ ಅವರನ್ನೇ ಮತ್ತೆ ಕೇಳಿದಾಗ ಎಷ್ಟೋ ಜನರ ಉತ್ತರ ಪೂರ್ತಿ ಬದಲಾಗಿತ್ತು, ಆದರೆ ಹೇಳುವಾಗಿನ ಧೈರ್ಯ ಮಾತ್ರ ಕಡಿಮೆಯಾಗಿರಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ, ನೆನಪು ಕೆಲಸ ಮಾಡುವುದೇ ಹಾಗೆ. ಆದ್ದರಿಂದ ಮಾವ ಹೇಳಿದ್ದನ್ನೂ ಬರಿ, ಚಿಕ್ಕಮ್ಮ ಹೇಳಿದ್ದನ್ನೂ ಬರಿ, ಯಾರು ಹೇಳಿದ್ದು ಅಂತ ಪಕ್ಕದಲ್ಲಿ ಹೆಸರು ಹಾಕು. ಒಬ್ಬೊಬ್ಬರನ್ನೇ ಕೇಳುವುದು ಒಳ್ಳೆಯದು, ಗುಂಪಿನಲ್ಲಿ ಕೇಳಿದರೆ ಗಟ್ಟಿ ದನಿಯವರದೇ ಎಲ್ಲರ ನೆನಪಾಗಿಬಿಡುತ್ತದೆ.

ಎಲ್ಲ ನೆನಪೂ ಸಂತೋಷದ್ದೇ ಇರುವುದಿಲ್ಲ ಅನ್ನುವುದು ಮನಸ್ಸಿನಲ್ಲಿರಲಿ. ನಗುನಗುತ್ತಾ ನಿಂತ ಫೋಟೋದ ದಿನವೇ ಯಾರೋ ಒಳಗೊಳಗೇ ದುಃಖ ನುಂಗಿರುತ್ತಾರೆ, ಕೆಲಸ ಕಳೆದುಕೊಂಡಿರುತ್ತಾರೆ. ಹೇಳಿದರೆ ಕೇಳಿಸಿಕೋ, ಬೇಡ ಅಂದರೆ ಅಲ್ಲಿಗೇ ಬಿಡು. ಆಲ್ಬಮಿಗೆ ಹಾಕುವ ಮುಂಚೆ ಅವರನ್ನು ಒಂದು ಮಾತು ಕೇಳಲೇಬೇಕು. ಇದರಲ್ಲಿ ಮಾತ್ರ ನೀನು ರಾಜಿ ಆಗಬಾರದು.

ಫೋಟೋ ವಿಷಯಕ್ಕೂ ಸ್ವಲ್ಪ ಹೇಳುತ್ತೇನೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದರೆ ಅದು ಸಣ್ಣದಾಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಸಾಮಾನ್ಯವಾಗಿ ಹೋಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಎಲ್ಲರಿಗೂ ಹೇಳು. ಹಳೇ ಕಪ್ಪು-ಬಿಳುಪು ಫೋಟೋದ ಹಿಂದೆ ಹೆಸರು ಬರೆಯುವಾಗ ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂದಕ್ಕೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ಹಗುರವಾಗಿ ಬರಿ. ಸ್ಕ್ಯಾನ್ ಮಾಡಿದ್ದನ್ನು ಒಂದೇ ಕಡೆ ಇಡಬೇಡ, ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಇನ್ನೊಂದು ಬೇರೆ ಮನೆಯಲ್ಲಿ ಇರಲಿ.

ಸಮಾರಂಭದ ದಿನ ನೀನೂ ಫೋನ್ ಹಿಡಿದುಕೊಂಡೇ ಓಡಾಡುತ್ತೀಯ, ನನಗೆ ಗೊತ್ತು. ಬೇಡ ಅನ್ನುವುದಿಲ್ಲ. ಆದರೆ ಲಿಂಡಾ ಹೆಂಕೆಲ್ ಅನ್ನುವ ಮನಶ್ಶಾಸ್ತ್ರಜ್ಞೆಯ ಒಂದು ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಮ್ಯೂಸಿಯಮ್ಮಿನಲ್ಲಿ ವಸ್ತುಗಳ ಫೋಟೋ ತೆಗೆದವರಿಗೆ, ಬರೀ ಕಣ್ಣಿನಿಂದ ನೋಡಿದವರಿಗಿಂತ ಕಡಿಮೆ ನೆನಪಿತ್ತು. ಹತ್ತಿರ ಹೋಗಿ ಒಂದು ಭಾಗವನ್ನು ಝೂಮ್ ಮಾಡಿ ತೆಗೆದವರಿಗೆ ಮಾತ್ರ ಹಾಗೆ ಆಗಲಿಲ್ಲ. ನೀನೂ ಹಾಗೇ ಮಾಡು, ಅಜ್ಜಿಯ ಕೈ, ಅಜ್ಜನ ಕನ್ನಡಕ, ಮಕ್ಕಳ ಚಪ್ಪಲಿಗಳ ರಾಶಿ, ಇಂಥದ್ದನ್ನು ನಿಂತು ನೋಡಿ ತೆಗಿ. ಸ್ವಲ್ಪ ಹೊತ್ತು ಫೋನನ್ನು ಅಜ್ಜನ ಕೈಗೆ ಕೊಟ್ಟು ನೀನೂ ಚಿತ್ರದಲ್ಲಿ ನಿಲ್ಲು, ಆಮೇಲೆ ಅವರಿಂದ ವಾಪಸ್ ಇಸಕೊಂಡು ಅವರನ್ನೂ ನಿಲ್ಲಿಸು.

ಮೊದಲು ಮಾವನಿಗೆ ಫೋನ್ ಮಾಡು. ಬೆಳಗ್ಗೆ ಮಾಡಿದರೆ ಒಳ್ಳೆಯದು, ಸಂಜೆಗೆ ಅವನಿಗೆ ಸುಸ್ತಾಗುತ್ತದೆ. ನಿನಗೆ ಒಪ್ಪಿಗೆ ಇದ್ದರೆ ನನ್ನ ಸರದಿ ಚಿಕ್ಕಮ್ಮ ಆದಮೇಲೆ ಇಟ್ಟುಕೋ, ಅಷ್ಟರಲ್ಲಿ ನನ್ನ ಹತ್ತಿರ ಇರುವ ಫೋಟೋಗಳನ್ನೆಲ್ಲ ತೆಗೆದಿಟ್ಟಿರುತ್ತೇನೆ.

ನಿನ್ನ ದೊಡ್ಡಮ್ಮ