ದುಡ್ಡು ಕೊಟ್ಟು ಕೊಂಡ ದೇವಾಲಯ

ಪ್ರೀತಿಯ ಗೆಳೆಯಾ,

ಚರ್ಚಿನವರೇ ಚರ್ಚಿನವರಿಗೆ ದೇವಾಲಯ ಮಾರೋದು ಅಂದ್ರೇನು ಅಂತ ಕೇಳಿದ್ದೀಯ. ವಕೀಲರಿಗೆ ಇಂಥದ್ದೇ ಬೇಕು ಅಲ್ವಾ? ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಿಂದ ಪೂರ್ವಕ್ಕೆ ಹೋದರೆ ಕರ್ಟ್‌ಲೆಂಡ್ ಅನ್ನೋ ಸಣ್ಣ ಊರು. ಮಾರ್ಮನ್ನರು ಕಟ್ಟಿದ ಮೊದಲ ದೇವಾಲಯ ಇರುವುದು ಅಲ್ಲಿ. ಜೋಸೆಫ್ ಸ್ಮಿತ್ ಅನ್ನೋನು ಈ ಮಾರ್ಮನ್ ಕ್ರೈಸ್ತ ಪಂಥ ಶುರು ಮಾಡಿದ್ದು 1830ರಲ್ಲಿ. 1836ರ ಮಾರ್ಚ್ 27ಕ್ಕೆ ದೇವಾಲಯದ ಪ್ರತಿಷ್ಠೆಯೂ ಆಗಿಹೋಯಿತು. ಕೈಯಲ್ಲಿ ಕಾಸಿಲ್ಲದ ಜನ, ತಲೆಯ ಮೇಲೆ ಸಾಲ. ಆ ದಿನದ ಕಾರ್ಯಕ್ರಮ ಏಳು ಗಂಟೆಗೂ ಮೀರಿ ನಡೆಯಿತಂತೆ. ಒಳಗೆ ಜಾಗ ಸಿಗದೆ ವಾಪಸ್ ಹೋದವರಿಗಾಗಿ ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ನಡೆಸಿದರು.

ಒಳಗಿನ ಏರ್ಪಾಡು ವಿಚಿತ್ರವಾಗಿದೆ. ಸಭಾಂಗಣದ ಎರಡೂ ತುದಿಯಲ್ಲಿ ಮೆಟ್ಟಿಲಿನಂತೆ ಏರುವ ಪೀಠಗಳು, ಒಂದು ಕಡೆ ಹಿರಿಯ ಪುರೋಹಿತ ವರ್ಗದವರಿಗೆ, ಎದುರಿನದು ಕಿರಿಯ ವರ್ಗದವರಿಗೆ. ಪ್ರತಿ ಪೀಠದ ಮೇಲೂ ಆಯಾ ಪದವಿಯ ಅಕ್ಷರಗಳಿವೆ. ಯಾವ ಕಡೆಯವರು ಮಾತಾಡಿದರೂ ಜನ ಅತ್ತ ತಿರುಗಿ ಕೂರಲಿ ಅಂತ ಬೆಂಚುಗಳನ್ನು ಸರಿಸುವ ಹಾಗೆ ಮಾಡಿದ್ದಾರೆ. ನಡುವೆ ಪರದೆ ಇಳಿಸಿದರೆ ಒಂದೇ ಹಾಲ್ ಹಲವು ಕೋಣೆಗಳಾಗುತ್ತಿತ್ತು. ಮೇಲಿನ ಮಹಡಿಯಲ್ಲಿ ಇಂಥದ್ದೇ ಇನ್ನೊಂದು ಹಾಲ್. ಹೊರಗೋಡೆಯ ಗಾರೆಗೆ ಗಾಜು, ಪಿಂಗಾಣಿ ಚೂರು ಸೇರಿಸಿದ್ದರು. ಹೆಂಗಸರು ತಮ್ಮ ಒಳ್ಳೊಳ್ಳೆ ಪಿಂಗಾಣಿ ಪಾತ್ರೆಗಳನ್ನೇ ತಂದು ಒಡೆದುಕೊಟ್ಟರು ಅನ್ನೋ ಕಥೆ ಇದೆ. ಕೇಳೋಕೆ ಚೆನ್ನಾಗಿದೆ, ಆದರೆ ಒಡೆದು ಬಿಸಾಡಿದ್ದನ್ನೇ ಆರಿಸಿ ತಂದಿರಬೇಕು ಅಂತ ನನಗನ್ನಿಸುತ್ತದೆ.

ಆಮೇಲೆ ಎಲ್ಲ ಬೇಗ ಕೆಟ್ಟಿತು. ಸ್ಮಿತ್ ಬ್ಯಾಂಕ್ ತೆರೆಯಲು ಹೊರಟರೆ ಸರ್ಕಾರ ಪರವಾನಗಿ ಕೊಡಲಿಲ್ಲ. ಅಚ್ಚಾದ ನೋಟುಗಳಲ್ಲಿ ಕೆಲವಕ್ಕೆ 'ಬ್ಯಾಂಕ್' ಪದದ ಹಿಂದೆ ಮುಂದೆ ಅಕ್ಷರ ಒತ್ತಿ 'ಆಂಟಿ-ಬ್ಯಾಂಕಿಂಗ್' ಅಂತ ಮಾಡಿ ಚಲಾವಣೆಗೆ ಬಿಟ್ಟರು! 1837ರಲ್ಲೇ ಅದು ಮುಳುಗಿತು. ಮುಂದಿನ ಜನವರಿಯಲ್ಲಿ ಸ್ಮಿತ್ ರಾತ್ರೋರಾತ್ರಿ ಊರು ಬಿಟ್ಟ. 1844ರಲ್ಲಿ ಇಲಿನಾಯ್‌ನ ಜೈಲಿನಲ್ಲಿ ಗುಂಪೊಂದು ಅವನನ್ನು ಕೊಂದಿತು. ಹೆಚ್ಚಿನವರು ಬ್ರಿಗಮ್ ಯಂಗ್ ಅನ್ನೋ ಮುಖಂಡನ ಹಿಂದೆ ಪಶ್ಚಿಮದ ಯೂಟಾಗೆ ಹೋದರು, ಅವರದೇ ಯೂಟಾ ಚರ್ಚು. ಇನ್ನು ಕೆಲವರು 1860ರಲ್ಲಿ ಸ್ಮಿತ್‌ನ ಮಗನನ್ನೇ ಮುಖ್ಯಸ್ಥನನ್ನಾಗಿ ಮಾಡಿಕೊಂಡರು. ಯೂಟಾದವರು ಆಗ ಪಾಲಿಸುತ್ತಿದ್ದ ಬಹುಪತ್ನಿತ್ವ ಇವರಿಗೆ ಬೇಡವಾಗಿತ್ತು. ಇವರೇ ಈಗಿನ ಕಮ್ಯೂನಿಟಿ ಆಫ್ ಕ್ರೈಸ್ಟ್.

ಕರ್ಟ್‌ಲೆಂಡ್ ಉಳಿದದ್ದು ಈ ಚಿಕ್ಕ ಗುಂಪಿನ ಕೈಯಲ್ಲಿ. 1880ರಲ್ಲಿ ಒಂದು ಕೇಸೂ ನಡೆಯಿತು. ನಾವೇ ನಿಜವಾದ ವಾರಸುದಾರರು ಅಂತ ಇವರ ವಾದ. ಕೋರ್ಟ್ ಕೇಸನ್ನು ವಜಾ ಮಾಡಿತು. ಕೊನೆಗೆ ಜಾಗ ದಕ್ಕಿದ್ದು ಸ್ವಾಧೀನದ ಬಲದಿಂದ. ನಿನ್ನ ಕಕ್ಷಿದಾರರು ಹೇಳುವ ಹಾಗೆ, ಅನುಭವದಲ್ಲಿ ಇದ್ದವನೇ ಯಜಮಾನ.

ತಮಾಷೆ ನೋಡು. ಈ ದೇವಾಲಯದ ಮೇಲೆ ಜಾಸ್ತಿ ಭಕ್ತಿ ಇರುವುದು ಯೂಟಾ ಕಡೆಯವರಿಗೆ. 1836ರ ಏಪ್ರಿಲ್ 3ರಂದು ಇಲ್ಲಿ ಯೇಸು, ಮೋಶೆ, ಎಲೀಯ ಕಾಣಿಸಿಕೊಂಡರು, ಸತ್ತ ಮೇಲೂ ಕುಟುಂಬವನ್ನು ಒಂದಾಗಿ ಇರಿಸುವ ಅಧಿಕಾರ ಕೊಟ್ಟರು ಅಂತ ಅವರ ನಂಬಿಕೆ. ಅವರ ದೇವಾಲಯಗಳಲ್ಲಿ ಕುಟುಂಬಗಳನ್ನು ಬೆಸೆಯುವ ಗುಟ್ಟಿನ ವಿಧಿಗಳಿಗೆ ಇದೇ ಮೂಲ ಅನ್ನುತ್ತಾರೆ. ಆದರೂ ನೂರಕ್ಕೂ ಹೆಚ್ಚು ವರ್ಷ ಇಲ್ಲಿಗೆ ನೆಂಟರ ಹಾಗೆ ಬಂದು, ಇನ್ನೊಬ್ಬರ ಗೈಡ್ ಹೇಳಿದ್ದನ್ನು ಕೇಳಿಕೊಂಡು ಹೋದರು. ಚಿಕ್ಕ ಚರ್ಚಿಗೆ ಅಂಥ ವಿಧಿಗಳೇ ಇಲ್ಲ. ಅವರು ಬಾಗಿಲು ತೆರೆದಿಟ್ಟು ಕಟ್ಟಡ ನೋಡಿಕೊಂಡರು. ನನಗೆ ಇವರ ಮೇಲೇ ಗೌರವ ಜಾಸ್ತಿ.

2024ರ ಮಾರ್ಚ್ 5ರಂದು ಯೂಟಾ ಚರ್ಚು ಇದನ್ನು ಕೊಂಡಿತು. ಇಲಿನಾಯ್‌ನ 'ನಾವೂ' (Nauvoo) ಅನ್ನೋ ಊರಿನಲ್ಲಿ ಸ್ಮಿತ್ ಕುಟುಂಬದ ಮನೆಗಳು, ಸ್ಮಿತ್ ಹೆಂಡತಿ ಎಮ್ಮಾಗೆ ಬರೆದ ಕಾಗದಗಳು ಎಲ್ಲ ಸೇರಿ 19 ಕೋಟಿ 25 ಲಕ್ಷ ಡಾಲರ್. ಮಾರಿದವರಿಗೆ ದುಡ್ಡು ಬೇಕಿತ್ತು. 2017ರಲ್ಲಿ ಪಂಥದ ಧರ್ಮಗ್ರಂಥವಾದ ಮಾರ್ಮನ್ ಗ್ರಂಥದ ಹಸ್ತಪ್ರತಿಯನ್ನೂ 3.5 ಕೋಟಿ ಡಾಲರಿಗೆ ಯೂಟಾ ಚರ್ಚಿಗೇ ಕೊಟ್ಟಿದ್ದರು. ಮಾರಿದ ಚರ್ಚಿನ ಎಷ್ಟೋ ಜನ ಸದಸ್ಯರಿಗೆ ಈ ಮಾರಾಟ ತುಂಬಾ ನೋವು ಕೊಟ್ಟಿದೆ ಮಾರಾಯ. ಬೆಲೆ ಸರಿಯೋ ತಪ್ಪೋ ಅಂತ ಲೆಕ್ಕ ಹಾಕುವವರಿಗೆ ಅದು ಅರ್ಥವಾಗೋದು ಕಷ್ಟ.

ನನಗಿದ್ದ ಭಯ ಬೇರೆ. ಯೂಟಾ ಚರ್ಚಿನ ದೇವಾಲಯಗಳಲ್ಲಿ ಪ್ರತಿಷ್ಠೆ ಆದ ಮೇಲೆ ಹೊರಗಿನವರಿಗೆ ಪ್ರವೇಶ ಇಲ್ಲ. ಇದನ್ನು ಮಾತ್ರ ಹಾಗೆ ಮಾಡೋದಿಲ್ಲ, ಐತಿಹಾಸಿಕ ಕಟ್ಟಡವಾಗಿಯೇ ಇಡುತ್ತೇವೆ ಅಂದರು. ಮಾರ್ಚ್ 25ಕ್ಕೆ ಮತ್ತೆ ತೆರೆದರು. ಈಗ ನೋಡಲು ದುಡ್ಡೂ ಇಲ್ಲ.

ನೀನು ಈ ಕಡೆ ಬಂದಾಗ ಹೋಗೋಣ. ಅಷ್ಟರೊಳಗೆ 1880ರ ಆ ತೀರ್ಪು ಹುಡುಕಿ ಕಳಿಸುತ್ತೇನೆ. ಓದಿ, ನೀನಾಗಿದ್ದರೆ ಯಾರ ಪರ ವಾದಿಸುತ್ತಿದ್ದೆ ಅಂತ ಬರೆ.

ನಿನ್ನ ಗೆಳೆಯ