ಸೀಸದ ಜಿಗ್ ಮಾಡಿ, ಆದರೆ ಬಚ್ಚಲ ಒಲೆಯಲ್ಲಿ ಬೇಡ

ಮಾನ್ಯ ಸಂಪಾದಕರೇ,

ಕಾರವಾರದಲ್ಲಿ ಈಗ ಗಾಳದ ಹುಚ್ಚು ಜೋರಾಗಿದೆ. ಬೈತಖೋಲದ ಬಂಡೆಗಳ ಮೇಲೆ, ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ, ಅತ್ತ ಮಾಜಾಳಿಯಲ್ಲಿ, ಸಂಜೆಯಾದರೆ ರಾಡ್ ಹಿಡಿದು ನಿಂತವರು ಕಾಣುತ್ತಾರೆ. ಇವರಲ್ಲಿ ಎಷ್ಟೋ ಮಂದಿ ಜಿಗ್ಗನ್ನು ಅಂಗಡಿಯಿಂದ ತರುವುದಿಲ್ಲ. ಮನೆಯಲ್ಲೇ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಬಣ್ಣ ಹಚ್ಚಿ ಮಾಡಿಕೊಳ್ಳುತ್ತಾರೆ. ನಾನೂ ಅವರಲ್ಲಿ ಒಬ್ಬ. ಇದನ್ನು ನಿಲ್ಲಿಸಿ ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ. ಎಲ್ಲಿ ಮಾಡಬೇಕು, ಹೇಗೆ ಮಾಡಬೇಕು ಅಂತ ಯಾರಾದರೂ ಕಲಿಸಬೇಕು, ಅದೂ ಮಳೆಗಾಲ ಶುರುವಾಗುವ ಮೊದಲೇ ಕಲಿಸಬೇಕು ಅಂತ ಕೇಳಲು ಬರೆಯುತ್ತಿದ್ದೇನೆ.

ಜಿಗ್ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ತಾರ್ಲೆ ಮೀನಿನ ಆಕಾರದ ಸೀಸದ ತುಂಡು, ಒಳಗೆ ಉದ್ದಕ್ಕೂ ಸ್ಟೀಲ್ ತಂತಿ, ಎರಡು ತುದಿಗೂ ಬಳೆ, ಒಂದು ಬಳೆಗೆ ಗಾಳ. ಭಾರ ಇರುವುದರಿಂದ ದೂರ ಬೀಳುತ್ತದೆ. ನೀರಲ್ಲಿ ಎಳೆದು ಬಿಟ್ಟು ಮಾಡಿದರೆ ಗಾಯವಾದ ಮರಿಮೀನಿನ ಹಾಗೆ ಓಲಾಡುತ್ತದೆ, ಇಸ್ವಾಣ, ಚೋಣಕದಂಥ ದೊಡ್ಡ ಮೀನುಗಳೆಲ್ಲ ಬಂದು ಹೊಡೆಯುತ್ತವೆ. ಅಂಗಡಿಯ ಒಳ್ಳೆಯ ಜಿಗ್‌ಗೆ ನೂರಾರು ರೂಪಾಯಿ. ನಮ್ಮ ಬಂಡೆಗಳು ಅದನ್ನು ಒಂದೇ ಸಂಜೆಯಲ್ಲಿ ನುಂಗಿಬಿಡುತ್ತವೆ. ಹಾಗಾಗಿ ಗುಜರಿ ಅಂಗಡಿಯಿಂದ ಸೀಸ ತಂದು ತಾವೇ ಮಾಡಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಬೀಸುಬಲೆಗೆ ಸೀಸದ ಗುಂಡು ಕಟ್ಟುವುದು ನಮ್ಮ ಕರಾವಳಿಗೆ ಹೊಸದೂ ಅಲ್ಲ.

ತೊಂದರೆ ಇರುವುದು ಮಾಡುವ ಸಮಯದಲ್ಲಿ ಮತ್ತು ಜಾಗದಲ್ಲಿ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಬಂಡೆಯ ಮೇಲೆ ನಿಲ್ಲುವ ನಮ್ಮಂಥವರಿಗೆ ನಿಷೇಧ ಇಲ್ಲದಿದ್ದರೂ ಆ ಅಲೆಗಳ ಎದುರು ಯಾರೂ ಹೋಗುವುದಿಲ್ಲ, ಹೋಗಲೂಬಾರದು. ಎಲ್ಲರೂ ಮನೆಯಲ್ಲಿರುತ್ತಾರೆ. ಮುಂದಿನ ಸೀಸನ್ನಿಗೆ ಬೇಕಾದ ಜಿಗ್ ಮಾಡುವುದು ಆಗಲೇ. ಹೊರಗೆ ಒಂದೇ ಸಮ ಮಳೆ, ಹಿತ್ತಿಲಲ್ಲಿ ಒಲೆ ಹೂಡಲು ಆಗುವುದಿಲ್ಲ, ಆದ್ದರಿಂದ ಬಚ್ಚಲ ಒಲೆಯ ಮೇಲೆ ಬಾಣಲೆ ಇಡುತ್ತಾರೆ, ಇಲ್ಲವೇ ಸೀದಾ ಅಡುಗೆಮನೆಯ ಗ್ಯಾಸ್ ಮೇಲೆ. ಗೋಡೆ, ನೆಲ, ಅಚ್ಚು, ಸೌಟು ಎಲ್ಲದರಲ್ಲೂ ತೇವ ಇರುವ ಕಾಲ ಅದು. ಕರಗಿದ ಸೀಸಕ್ಕೂ ನೀರಿಗೂ ಆಗುವುದೇ ಇಲ್ಲ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರೊಳಗೆ ನೀರಿನ ಹನಿ ಸಿಕ್ಕಿಕೊಂಡರೆ ಕ್ಷಣದಲ್ಲಿ ಆವಿಯಾಗುತ್ತದೆ, ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಆ ರಭಸಕ್ಕೆ ಬಾಣಲೆಯಲ್ಲಿದ್ದ ಸೀಸ ಮುಖಕ್ಕೆ, ಕಣ್ಣಿಗೆ ಸಿಡಿಯುತ್ತದೆ. ಹಂಚಿನ ಮಾಡು ಒಂದು ಕಡೆ ಸೋರಿದರೂ ಸಾಕು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಾಡಿದ ಅಚ್ಚು ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಒಳಗೆ ಮಾತ್ರ ನೀರು ಹಿಡಿದುಕೊಂಡಿರುತ್ತದೆ. ಅದನ್ನು ಸಣ್ಣ ಬಿಸಿಯಲ್ಲಿ ತಾಸುಗಟ್ಟಲೆ ಒಣಗಿಸದೆ ಸೀಸ ಹೊಯ್ಯಬಾರದು. ಚಡ್ಡಿ, ಹವಾಯಿ ಚಪ್ಪಲಿ ಹಾಕಿಕೊಂಡು ಈ ಕೆಲಸಕ್ಕೆ ಕೂರುವ ಹುಡುಗರಿಗೆ ಇದನ್ನು ಯಾರು ಹೇಳುತ್ತಾರೆ? ಮೊಬೈಲ್‌ನಲ್ಲಿ ನೋಡುವ ವಿಡಿಯೊದಲ್ಲಿ ಎಲ್ಲ ಚೆಂದವಾಗಿ ಅಚ್ಚಿನಿಂದ ಹೊರಗೆ ಬರುತ್ತದೆ, ಅಷ್ಟೇ.

ಸಿಡಿದರೆ ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಇನ್ನೂ ಜಾಸ್ತಿ ಕೆಟ್ಟದ್ದು. ಸೀಸ ಕರಗುವಷ್ಟೇ ಬಿಸಿ ಇದ್ದರೆ ಹೊಗೆ ಕಡಿಮೆ. ಆದರೆ ಒಲೆಯ ಉರಿಗೆ ಕಡಿವಾಣ ಇರುವುದಿಲ್ಲ, ಬಿಸಿ ಏರುತ್ತಲೇ ಹೋಗುತ್ತದೆ, ಜೊತೆಗೆ ಸೀಸದ ಆವಿಯೂ ಏರುತ್ತದೆ. ಮೇಲೆ ಕಟ್ಟುವ ಕಿಟ್ಟವನ್ನು ಸೌಟಿನಿಂದ ತೆಗೆದು ಪಕ್ಕದಲ್ಲಿ ಕೊಡವುತ್ತೇವಲ್ಲ, ಅದು ಸೀಸದ ಪುಡಿಯೇ. ಬಚ್ಚಲ ಒಲೆಯಲ್ಲಾದರೆ ಅದು ಬೂದಿಯಲ್ಲಿ ಸೇರುತ್ತದೆ. ನಮ್ಮ ಕಡೆ ಒಲೆಯ ಬೂದಿ ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು: ಬಸಳೆ ಬುಡಕ್ಕೆ, ಹರಿವೆ ಮಡಿಗೆ, ತೆಂಗಿನ ಬುಡಕ್ಕೆ. ಕೆಲವು ಮನೆಗಳಲ್ಲಿ ಇವತ್ತಿಗೂ ಪಾತ್ರೆ ತಿಕ್ಕುವುದಕ್ಕೆ. ಸೀಸ ಕೊಳೆತು ಹೋಗುವ ವಸ್ತು ಅಲ್ಲ, ಮಣ್ಣಲ್ಲೇ ಉಳಿಯುತ್ತದೆ.

ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟ ಒಂದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಸಣ್ಣ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ ಅಂತಲೂ ಅದೇ ಸಂಸ್ಥೆ ಹೇಳಿದೆ. ಅಪ್ಪ ಜಗುಲಿಯಲ್ಲಿ ಕೂತು ಜಿಗ್‌ನ ಅಂಚನ್ನು ಅರದಿಂದ ಉಜ್ಜುತ್ತಾನೆ, ಆ ಪುಡಿ ನೆಲದ ಮೇಲೆ ಬೀಳುತ್ತದೆ, ಅದೇ ನೆಲದ ಮೇಲೆ ಮಗು ಅಂಬೆಗಾಲಿಟ್ಟು ಬಂದು ಬೆರಳು ಬಾಯಿಗೆ ಹಾಕುತ್ತದೆ. ಹಾನಿ ಆಗುವುದು ಮಗುವಿನ ಮಿದುಳಿಗೆ. ಕಲಿಕೆ ಹಿಂದೆ ಬೀಳುತ್ತದೆ, ಮತ್ತೆ ಸರಿ ಮಾಡಲು ಆಗುವುದಿಲ್ಲ. ಬಸುರಿ ಹೆಂಗಸರು ಇರುವ ಮನೆಯಲ್ಲಂತೂ ಈ ಕೆಲಸ ಬೇಡವೇ ಬೇಡ. ದೊಡ್ಡವರಿಗೆ ಹೊಟ್ಟೆನೋವು, ಮಲಬದ್ಧತೆ, ಸುಸ್ತು, ರಕ್ತಹೀನತೆ ಆಗಬಹುದು. ಇವೆಲ್ಲ ಯಾರಿಗೆ ಬೇಕಾದರೂ ಬರುವ ತೊಂದರೆಗಳಾದ್ದರಿಂದ ಯಾರಿಗೂ ಸೀಸದ ಮೇಲೆ ಅನುಮಾನವೇ ಬರುವುದಿಲ್ಲ. ಇನ್ನೊಂದು ಅಭ್ಯಾಸ ಬಿಡಲೇಬೇಕು: ದಾರಕ್ಕೆ ಹಾಕುವ ಸಣ್ಣ ಸೀಸದ ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಮುಚ್ಚುವುದು. ಒಂದು ಇಕ್ಕಳ ಜೇಬಲ್ಲಿಟ್ಟುಕೊಳ್ಳಿ.

ಸೀಸ ಎಲ್ಲಿಂದ ತರುತ್ತೀರಿ ಅನ್ನುವುದೂ ಮುಖ್ಯ. ಹಳೆ ಬಲೆಯ ಗುಂಡು, ಹಳೆ ಸೀಸದ ಪೈಪು ಸರಿ. ಗಾಡಿಯ ಚಕ್ರಕ್ಕೆ ಹಾಕುವ ತೂಕದಲ್ಲಿ ಈಗ ಸತು, ಕಬ್ಬಿಣ ಬಂದಿವೆ, ಸತು ಸೇರಿದರೆ ಸೀಸ ಗಂಟುಗಂಟಾಗಿ ಅಚ್ಚಿಗೆ ಇಳಿಯುವುದಿಲ್ಲ. ಹಳೆ ಬ್ಯಾಟರಿ ಒಡೆದು ಪ್ಲೇಟ್ ಕರಗಿಸುವವರಿಗೆ ಕೈಮುಗಿದು ಹೇಳುತ್ತೇನೆ, ಅದನ್ನು ಮುಟ್ಟಬೇಡಿ. ಅದರಲ್ಲಿ ಸಲ್ಫ್ಯೂರಿಕ್ ಆಸಿಡ್ ಇರುತ್ತದೆ, ಆಂಟಿಮನಿ, ಆರ್ಸೆನಿಕ್ ಸೇರಿರುತ್ತವೆ, ಆ ಹೊಗೆ ಬರೀ ಸೀಸದ ಹೊಗೆಗಿಂತ ಎಷ್ಟೋ ಕೆಟ್ಟದ್ದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರವೂ ಹಳೆ ಬ್ಯಾಟರಿ ಹೋಗಬೇಕಾದದ್ದು ನೋಂದಾಯಿತ ಮರುಬಳಕೆ ಘಟಕಕ್ಕೆ.

ಇನ್ನು ಬಣ್ಣದ ವಿಷಯ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ, ಸ್ವಲ್ಪ ಉದ್ದ ಬರೆದರೆ ಕ್ಷಮಿಸಿ.

ಬಣ್ಣ ನಿಲ್ಲಬೇಕಾದರೆ ಜಿಗ್ ಹೊಸದಾಗಿರಬೇಕು. ಅಚ್ಚಿನಿಂದ ತೆಗೆದ ಸೀಸ ಬೆಳ್ಳಿಯಂತೆ ಹೊಳೆಯುತ್ತದೆ, ಇಟ್ಟರೆ ಗಾಳಿಗೆ ಬೂದು ಪದರ ಕಟ್ಟುತ್ತದೆ, ಆ ಪದರದ ಮೇಲೆ ಹಚ್ಚಿದ ಬಣ್ಣ ಮೊದಲ ಕಲ್ಲಿಗೇ ಸಿಪ್ಪೆ ಎದ್ದು ಹೋಗುತ್ತದೆ. ಸೋಪಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಸ್ಪಿರಿಟ್‌ನಲ್ಲಿ ಒರೆಸಿ, ಬರಿಗೈಯಲ್ಲಿ ಮುಟ್ಟದೆ ಪ್ರೈಮರ್ ಹೊಡೆಯಬೇಕು. ಅದರ ಮೇಲೆ ಬಿಳಿ. ಈ ಬಿಳಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸೀಸದ ಬೂದು ಮೈಮೇಲೆ ಸೀದಾ ಹಳದಿ, ಗುಲಾಬಿ ಹಚ್ಚಿದರೆ ಮಂಕಾಗಿ ಕಾಣುತ್ತದೆ, ಬಿಳಿ ಕೆಳಗಿದ್ದರೆ ಅದೇ ಬಣ್ಣ ಎದ್ದು ಬರುತ್ತದೆ. ಮೀನಿನ ಹುರುಪೆ ಮೂಡಿಸಲು ಹಳೆ ಬಲೆಯ ಸಣ್ಣ ಕಣ್ಣಿನ ತುಂಡನ್ನು ಜಿಗ್ ಮೇಲೆ ಬಿಗಿಯಾಗಿ ಎಳೆದು ಹಿಡಿದು ಮೇಲಿನಿಂದ ಸ್ಪ್ರೇ ಹೊಡೆದರೆ ಸಾಕು. ಬಲೆ ತೆಗೆದಾಗ ಸಾಲುಸಾಲಾಗಿ ಹುರುಪೆ ಕಾಣುತ್ತದೆ. ಇದನ್ನು ನೋಡಿದ ಮಕ್ಕಳ ಮುಖ ಅರಳುವುದು ನೋಡಬೇಕು. ಜಿಗ್‌ನ ಕಣ್ಣಿಗೆ ಮೊಳೆಯ ತಲೆಯನ್ನು ಬಿಳಿ ಬಣ್ಣದಲ್ಲಿ ಅದ್ದಿ ಒಂದು ಚುಕ್ಕೆ, ಒಣಗಿದ ಮೇಲೆ ಗುಂಡುಪಿನ್ನಿನ ತಲೆಯಿಂದ ಅದರೊಳಗೆ ಕಪ್ಪು ಚುಕ್ಕೆ.

ಯಾವ ಬಣ್ಣ ಅನ್ನುವುದು ನೀರಿನ ಮೇಲೆ ನಿಂತಿದೆ. ಮಳೆಗಾಲ ಮುಗಿಯುತ್ತಾ ಬಂದಾಗ ಕಾಳಿ ಇನ್ನೂ ಕೆಂಪಗೆ ಹರಿಯುತ್ತಿರುತ್ತದೆ, ಆಗ ಹಳದಿ ಹಸಿರು, ಗುಲಾಬಿ, ಕಿತ್ತಳೆ. ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ ಬೆಳ್ಳಿ ಮೈ, ನೀಲಿ ಇಲ್ಲವೇ ಹಸಿರು ಬೆನ್ನು, ಅಂದರೆ ಬಂಗುಡೆ, ತಾರ್ಲೆಯ ಬಣ್ಣವೇ. ಕೆಂಪು ಬೆಳಕು ನೀರಲ್ಲಿ ಎಲ್ಲಕ್ಕಿಂತ ಮೊದಲು ಮಾಯವಾಗುತ್ತದೆ, ಸ್ವಲ್ಪ ಆಳಕ್ಕೆ ಹೋದರೆ ಕೆಂಪು ಜಿಗ್ ಕಪ್ಪಾಗಿ ಕಾಣುತ್ತದೆ. ಆಳದಲ್ಲಿ ಗಾಳ ಹಾಕುವವರು ಜಿಗ್‌ನ ಹೊಟ್ಟೆಯ ಮೇಲೆ ಕತ್ತಲಲ್ಲಿ ಹೊಳೆಯುವ ಪುಡಿಯ ಪಟ್ಟೆ ಹಾಕುವುದು ಇದಕ್ಕೇ.

ಪೌಡರ್ ಪೇಂಟ್ ಗಟ್ಟಿ. ಜಿಗ್ಗನ್ನು ಬಿಸಿ ಮಾಡಿ ಪುಡಿಯಲ್ಲಿ ಒಮ್ಮೆ ಆಡಿಸಿದರೆ ಕರಗಿ ಅಂಟುತ್ತದೆ, ಆಮೇಲೆ ಸುಮಾರು 175 ಡಿಗ್ರಿಯಲ್ಲಿ 15-20 ನಿಮಿಷ ಬೇಯಿಸಬೇಕು. ಆದರೆ ಆ ಓವನ್‌ನಲ್ಲಿ ಮತ್ತೆ ಕೇಕ್ ಮಾಡಬಾರದು. ಬೇರೆಯದೇ ಒಂದು ಹಳೆ ಓವನ್ ಬೇಕು. ಅದು ಇಲ್ಲದವರಿಗೆ ಬಣ್ಣದ ಮೇಲೆ ಎರಡು ಟ್ಯೂಬಿನ ಎಪಾಕ್ಸಿ ಅಂಟಿನ ಪದರ ಸಾಕು. ಜುಲೈ ತಿಂಗಳ ತೇವದಲ್ಲಿ ಎಪಾಕ್ಸಿ ಮಸುಕಾಗಿ ಅಂಟಂಟಾಗುತ್ತದೆ, ಬಿಸಿಲಿರುವಾಗ ಮಾಡಿದ್ದು ಗಾಜಿನಂತೆ ನಿಲ್ಲುತ್ತದೆ. ಎರಕಕ್ಕೂ ಬಣ್ಣಕ್ಕೂ ಏಪ್ರಿಲ್, ಮೇ ತಿಂಗಳೇ ಒಳ್ಳೆಯದು ಅಂತ ನಾನು ಹೇಳುವುದು ಸುಮ್ನೆ ಅಲ್ಲ.

ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಬಣ್ಣ ಹಚ್ಚಿದರೆ ಸೀಸ ಒಳಗೆ ಮುಚ್ಚಿಹೋಯಿತು, ಇನ್ನು ಚಿಂತೆ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಕೈಗೆ ಅಂಟುವುದು ಕಡಿಮೆಯಾಗುವುದು ನಿಜ. ಬಣ್ಣ ಎದ್ದ ಕಡೆ ಮತ್ತೆ ಸೀಸವೇ. ಇನ್ನು ಬಣ್ಣದಲ್ಲೇ ಸೀಸ ಇದ್ದರೆ? ಮನೆಗೆ ಹಚ್ಚುವ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅಂತ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಆ ನಿಯಮ ಇರುವುದು ಮನೆ ಮತ್ತು ಅಲಂಕಾರದ ಬಣ್ಣಗಳಿಗೆ. ಎಲ್ಲೋ ಉಳಿದ ಹಳೆ ಡಬ್ಬಿ, ಕಾರ್ಖಾನೆಗೆ ಬಳಸುವ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಲೆಡ್ ಕ್ರೋಮೇಟ್ ಅನ್ನುವ ಸೀಸದ ಸಂಯುಕ್ತ ಇರಬಹುದು. ಡಬ್ಬಿಯ ಮೇಲೆ ಓದಿ ತನ್ನಿ. ಹಳೆ ಬಣ್ಣ ಕೆರೆಯುವಾಗ ಒಣಗಿದ್ದನ್ನು ಉಜ್ಜಬೇಡಿ, ಪಾಲಿಶ್ ಪೇಪರ್ ಒದ್ದೆ ಮಾಡಿಕೊಂಡು, ಕೆಳಗೆ ಕಾಗದ ಹಾಸಿ ಉಜ್ಜಿ. ಕಸಬರಿಗೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೈಗೆ ಸೋಪು, ಮೈಗೆ ಬೇರೆ ಬಟ್ಟೆ, ಆಮೇಲೇ ಮಗುವನ್ನು ಎತ್ತಿಕೊಳ್ಳಿ. ಮೂಗಿಗೆ ಕರ್ಚೀಫು ಕಟ್ಟಿಕೊಂಡರೆ ಸೀಸದ ಹೊಗೆ ನಿಲ್ಲುವುದಿಲ್ಲ.

ನೀರಿಗೆ ಬಿದ್ದ ಸೀಸದ ಬಗ್ಗೆಯೂ ಒಂದು ಮಾತು. ಗಾಳದ ಸಣ್ಣ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತವೆ ಅಂತ ಇಂಗ್ಲೆಂಡಿನಲ್ಲಿ 1987ರಲ್ಲೇ ಅವುಗಳ ಮಾರಾಟಕ್ಕೆ ತಡೆ ಹಾಕಿದರು. ಕಾಳು ಅರೆಯಲು ಕಲ್ಲು ನುಂಗುವ ಹಕ್ಕಿಗಳಿಗೆ ಸೀಸ ಯಾವುದು, ಕಲ್ಲು ಯಾವುದು ತಿಳಿಯುವುದಿಲ್ಲ. ನಮ್ಮ ಕಾಳಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳಲ್ಲಿ, 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಹಕ್ಕಿಗಳೂ ಇವೆ, ಕೆಸರಿನಲ್ಲಿ ಬಳಚು (ಚಿಪ್ಪುಮೀನು) ಹೆಕ್ಕಿ ಬದುಕುವ ಜನರೂ ಇದ್ದಾರೆ. ಅಂಥ ಕಡೆ ಬರೀ ಭಾರಕ್ಕಾಗಿ ಸೀಸ ಕಟ್ಟಬೇಕಾಗಿಲ್ಲ. ಹಳೆ ನಟ್ಟು, ಸ್ಪಾರ್ಕ್ ಪ್ಲಗ್ಗು, ತೂತಿರುವ ಕಲ್ಲು ಸಾಕು. ಸಿಕ್ಕಿಕೊಂಡರೂ ಕಳೆದುಕೊಂಡ ನೋವು ಕಡಿಮೆ.

ನಾನು ಕೇಳುವುದು ಇಷ್ಟು. ಮೇ ತಿಂಗಳಲ್ಲಿ ಮೀನುಗಾರಿಕೆ ಇಲಾಖೆಯವರು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಒಂದೊಂದು ದಿನದ ತರಬೇತಿ ಇಡಲಿ. ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ, ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರ ವಿಭಾಗ ಇದೆ, ಮೆಡಿಕಲ್ ಕಾಲೇಜು ಇದೆ. ಇವರು ಜೊತೆಗೂಡಿದರೆ ಹೇಳಿಕೊಡಲು ಹೊರಗಿನವರು ಬೇಕಾಗಿಲ್ಲ. ವರ್ಷಾನುಗಟ್ಟಲೆ ಬಲೆಗೆ, ಗಾಳಕ್ಕೆ ಸೀಸ ಎರಕ ಹೊಯ್ದವರಿಗೂ ಅವರ ಮನೆಯ ಮಕ್ಕಳಿಗೂ ಅಲ್ಲೇ ರಕ್ತದ ಸೀಸದ ಪರೀಕ್ಷೆಗೆ ವ್ಯವಸ್ಥೆ ಮಾಡಲಿ. ಬಂದರಿನ ಹತ್ತಿರ ಗಾಳಿ ಆಡುವ, ಮಳೆ ಬೀಳದ ಒಂದು ಶೆಡ್ ಕೊಟ್ಟು, ಹೊಗೆ ಹೊರಗೆಳೆಯುವ ಫ್ಯಾನ್, ಬಿಸಿ ಅಳೆಯುವ ಒಂದು ಮೀಟರ್ ಇಟ್ಟರೆ ಮನೆಮನೆಯ ಒಲೆಯಲ್ಲಿ ಸೀಸ ಕರಗುವುದು ತಾನಾಗಿಯೇ ಕಡಿಮೆಯಾಗುತ್ತದೆ. ಅಚ್ಚು ಮಾರುವ ಅಂಗಡಿಯವರು ಜೊತೆಗೆ ಒಂದು ಎಚ್ಚರಿಕೆಯ ಚೀಟಿಯನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ ಕೊಡಲಿ. ತಾವೂ ಮಳೆಗಾಲದ ಮೊದಲು ಪತ್ರಿಕೆಯಲ್ಲಿ ಇದಕ್ಕೆ ಸ್ವಲ್ಪ ಜಾಗ ಕೊಡಿ.

ಶೆಡ್ ಆಗುವುದಾದರೆ ನನ್ನ ಹತ್ತಿರ ಇರುವ ಅಲ್ಯೂಮಿನಿಯಂ ಅಚ್ಚುಗಳನ್ನು ಅಲ್ಲಿಗೇ ಕೊಟ್ಟುಬಿಡುತ್ತೇನೆ. ಭಾನುವಾರಗಳಂದು ಬಂದು ಬಣ್ಣ ಹಚ್ಚುವುದನ್ನು ಕಲಿಸಲೂ ನಾನು ತಯಾರಿದ್ದೇನೆ.

ಇತಿ,
ಗಾಳದ ಹವ್ಯಾಸಿ, ಕೋಡಿಬಾಗ, ಕಾರವಾರ